ಒಳಗಿನಿಂದ ಹಾಕಿದ ಬೀಗ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿಕೊಂಡದ್ದು ಚೆನ್ನಾಗಿ ನೆನಪಿದೆ. ಕೊಲೆಗಾರ ಯಾರೆಂದು ತಿಳಿಯಲು ಇನ್ನು ಇಪ್ಪತ್ತು ನಿಮಿಷ ಇತ್ತು.

ಬೈಲಹೊಂಗಲದ ಹತ್ತಿ ಗೋದಾಮೊಂದರಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಮ್ಮೆ ಹಳೆಯ ಸಿನಿಮಾ ತೋರಿಸುತ್ತಿದ್ದೆವು. ಹಿಂಭಾಗದಲ್ಲಿ ಹತ್ತಿಯ ಮೂಟೆಗಳು, ಮುಂದೆ ಜಮಖಾನೆ, ಬೆಳಕು ಬಾರದಂತೆ ಕಿಟಕಿಗಳಿಗೆ ಕರಿ ಕಂಬಳಿ. ಆ ದಿನದ್ದು ಪತ್ತೇದಾರಿ ಕಾದಂಬರಿಯೊಂದರಿಂದ ಮಾಡಿದ ಕಪ್ಪು-ಬಿಳುಪು ಬ್ರಿಟಿಷ್ ಚಿತ್ರ. ಬಂದವರಿಗೆಲ್ಲ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದ ನಾನು ಪರದೆಯ ಪಕ್ಕ ನಿಂತು ಮಾತುಗಳನ್ನು ನಮ್ಮ ಕನ್ನಡದಲ್ಲಿ ಹೇಳುತ್ತಿದ್ದೆ. ಟೋಪಿ ಹಾಕಿದ ಇನ್‌ಸ್ಪೆಕ್ಟರ್ ಹೆಂಗಸೊಬ್ಬಳ ಮುಂದೆ ಬಾಯಿ ತೆರೆದರೆ ನಾನು, "ಖರೇ ಹೇಳ್ರಿ ಬಾಯಾರ, ನಿನ್ನಿ ಸಂಜಿಮುಂದ ಎಲ್ಲಿ ಹೋಗಿದ್ರಿ?" ಎನ್ನುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಹಿಂದಿನ ತಿಂಗಳು ತಡವಾಗಿ ಬಂದವನೊಬ್ಬ ಬಾಗಿಲಲ್ಲೇ ನಿಂತು ಕೊಲೆಗಾರ ಯಾರೆಂದು ಕೂಗಿ ಹೇಳಿಬಿಟ್ಟಿದ್ದ. ಮತ್ತೆ ಹಾಗಾಗಬಾರದೆಂದು, ದೀಪ ಆರಿದ ಮೇಲೆ ನಾನು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಕೈಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಹೊರಗೆ ಗೋದಾಮಿನ ವಾಚಮನ್ ಕುಳಿತಿದ್ದ.

ಪರದೆಯ ಮೇಲೆ ಲಂಡನ್ನಿನ ಓಣಿಯೊಂದರಲ್ಲಿ ಮಂಜು ತುಂಬಿತ್ತು. ಮುಂದಿನ ಸಾಲಿನಲ್ಲಿದ್ದ ಕಿತ್ತೂರಿನ ನಿವೃತ್ತ ಶಿಕ್ಷಕಿ ತಲೆ ಎತ್ತಿದರು.

"ತಮ್ಮಾ, ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ."

"ಅಕ್ಕಾರ, ಅದು ಲಂಡನ್ ಮಂಜು ಐತ್ರಿ. ಸುಮ್ನ ಕುಂಡ್ರಿ."

"ಹಂಗಾರ ನಿನ್ನ ಲಂಡನ್ನಿಗೆ ಬೆಂಕಿ ಹತ್ತೈತಿ ನೋಡು," ಎಂದರು ಅವರು. ಎಲ್ಲರೂ ನಕ್ಕರು. ಅವರೂ ನಕ್ಕರು.

ಮೂಟೆಗಳ ಹಿಂದೆ ವೈರು ಸುಡುತ್ತಿತ್ತು. ಒತ್ತಿ ಕಟ್ಟಿದ ಹತ್ತಿ ಒಮ್ಮೆಗೇ ಭುಗಿಲೇಳುವುದಿಲ್ಲ. ಒಳಗೊಳಗೇ ಬೆಂದು ಹೊಗೆ ಉಗುಳುತ್ತದೆ. ಎರಡು ನಿಮಿಷದಲ್ಲಿ ಪರದೆಯೇ ಕಾಣದಾಯಿತು. ಜನ ಬಾಗಿಲಿಗೆ ನುಗ್ಗಿದರು. ನಾನು ಅವರನ್ನು ತಳ್ಳಿಕೊಂಡು ಬೀಗದವರೆಗೆ ತಲುಪಿದೆ. ನೂಕಾಟದಲ್ಲಿ ಕೀಲಿಕೈ ಕೆಳಗೆ ಬಿತ್ತು. ಕಾಲುಗಳ ನಡುವೆ ನೆಲ ತಡಕುತ್ತಿದ್ದಾಗ ಯಾರೋ ಕಿರುಚಿದರು: "ಹೊರಗಿಂದ ಚಿಲಕ ಹಾಕ್ಯಾನೋ! ಆ ವಾಚಮನ್ ಚಿಲಕ ಹಾಕ್ಯಾನ!"

ವಾಚಮನ್ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯವನು, ಐವತ್ತು ದಾಟಿದ ಮನುಷ್ಯ. ಅವನೇ ಹೊರಗಿನಿಂದ ಕಬ್ಬಿಣದ ಹಾರೆಯಲ್ಲಿ ಕಿಟಕಿಯ ಸರಳು ಕಿತ್ತು, ಕಂಬಳಿ ಹರಿದು ನಮ್ಮನ್ನು ಒಬ್ಬೊಬ್ಬರಾಗಿ ಹೊರಗೆಳೆದ. ಯಾರ ಜೀವವೂ ಹೋಗಲಿಲ್ಲ. ಕಿತ್ತೂರಿನ ಅಕ್ಕಾರು ಕಾಲ್ತುಳಿತಕ್ಕೆ ಸಿಕ್ಕಿ ಕೈ ಮುರಿದುಕೊಂಡರು. ಬಾಗಿಲು ಆಮೇಲೆ ಸುಟ್ಟುಹೋಯಿತು. ಬೀಗ, ಕೀಲಿಕೈ ಬೂದಿಯಲ್ಲಿ ಎಲ್ಲಿ ಬಿದ್ದವೋ.

ಮರುದಿನ ಮಾಲೀಕ ವಾಚಮನ್‌ನನ್ನು ಕೆಲಸದಿಂದ ತೆಗೆದ. ಪೊಲೀಸರು ಎರಡು ದಿನಕ್ಕೊಮ್ಮೆ ಅವನನ್ನು ಠಾಣೆಗೆ ಕರೆಸತೊಡಗಿದರು. ಜೈಲಾಗುವುದು ಖಂಡಿತ ಎಂದು ಚಹಾದಂಗಡಿಯಲ್ಲಿ ಮಾತಾಡುತ್ತಿದ್ದರು. ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ತಪ್ಪು ಮನುಷ್ಯನ ಕಡೆ ಎಲ್ಲರೂ ಬೊಟ್ಟು ಮಾಡುವ ಆ ಸಿನಿಮಾದ ಕಥೆಯನ್ನು ಅಷ್ಟು ಹುರುಪಿನಿಂದ ಹೇಳಿದ್ದವನು ನಾನೇ. ಕಣ್ಣು ಮುಚ್ಚಿದರೆ ಬೆರಳುಗಳು ನೆಲ ತಡಕುತ್ತಿದ್ದವು. ಬೆವತು ಎದ್ದು ಕೂರುತ್ತಿದ್ದೆ.

ಹದಿನೇಳನೆಯ ದಿನ ಸವದತ್ತಿಯಲ್ಲಿ ಬಸ್ಸು ಬದಲಿಸಿ ಸಾಲಹಳ್ಳಿಗೆ ಹೋದೆ. ವಾಚಮನ್ ಮನೆಯ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ನಿಂತೇ ಹೇಳಿದೆ: ಬೀಗ ಹಾಕಿದವನು ನಾನು.

"ಗೊತ್ತೈತಿ ಬಿಡ್ರಿ. ಒಳಗ ಕೀಲಿ ಹಾಕಿದ ಸಪ್ಪಳ ನನಗ ಕೇಳಿತ್ತು."

"ಮತ್ತ ಪೊಲೀಸರಿಗೆ ಯಾಕ ಹೇಳಲಿಲ್ಲ?"

"ಎರಡ ಸಲ ಹೇಳೀನ್ರಿ. ಕಲತಾವ್ರು ಇಂಥಾ ಕೆಲಸ ಮಾಡ್ತಾರೇನಲೇ ಅಂತ ನಕ್ರು."

ಹಗ್ಗ ಹೊಸೆಯುವುದನ್ನು ಅವನು ನಿಲ್ಲಿಸಲಿಲ್ಲ. ಅವನ ಹೆಂಡತಿ ಒಳಗಿನಿಂದ, "ಇಷ್ಟ ದಿನ ಎಲ್ಲಿದ್ರಂತ ಕೇಳ್ರಿ ಸಾಹೇಬ್ರನ್ನ," ಎಂದಳು. ನಾಳೆ ಠಾಣೆಗೆ ಹೋಗಿ ಬರೆದುಕೊಡುತ್ತೇನೆ, ಜೊತೆಗೆ ಬಾ ಎಂದು ಅವನನ್ನು ಕೇಳಿಕೊಂಡೆ.

ಮರುದಿನ ಅವನು ನನ್ನ ಜೊತೆ ಠಾಣೆಗೆ ಬಂದ. ನಾನು ಬರೆದುಕೊಟ್ಟ ಹೇಳಿಕೆಯನ್ನು ಅಧಿಕಾರಿ ಎರಡು ಸಲ ಓದಿ, ನನಗೆ ಕುರ್ಚಿ ತೋರಿಸಿದರು. ಅವನು ನಿಂತೇ ಇದ್ದ. ನಾನೂ ಕೂರಲಿಲ್ಲ.

ಆ ರಾತ್ರಿಯೂ ನಿದ್ದೆ ಬರಲಿಲ್ಲ. ಈಗ ಕೇಸು ನನ್ನ ಮೇಲಿದೆ, ನಡೆಯುತ್ತಿದೆ. ಇನ್ನು ಠಾಣೆಗೆ ಬರಬೇಕಾಗಿಲ್ಲ ಎಂದು ಪೊಲೀಸರು ಅವನಿಗೆ ತಿಳಿಸಿದ್ದು ಒಂದು ಗುರುವಾರ. ಅವನೇ ಫೋನು ಮಾಡಿ ಅಷ್ಟನ್ನು ಹೇಳಿ ಇಟ್ಟ. ಅಂದು ರಾತ್ರಿ ಊಟ ಮಾಡಿ ಮಲಗಿದವನು ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು.