ಕರೆಂಟ್ ಹೋದಾಗ ಬಿದ್ದ ಉಲ್ಕೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಾನು ಹೊಸ ಸೊಸೆ. ಮನೆಯವರೆಲ್ಲ ಮಗ್ಗ ನೋಡಿಕೊಂಡರೆ, ನಮ್ಮ ಯಜಮಾನರು ಮಾತ್ರ ಸೆಕೆಂಡ್ ಹ್ಯಾಂಡ್ ವಿಡಿಯೊ ಕ್ಯಾಮೆರಾ ಕೊಂಡು ಮದುವೆ ಶೂಟಿಂಗಿಗೆ ಹೋಗುತ್ತಿದ್ದರು. ಒಂದು ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ಉಲ್ಕೆ ಬಿದ್ದದ್ದು ಕಂಡೆ. ಓಡಿಬಂದು ಹೇಳಿದರೆ ಅತ್ತೆ ನಕ್ಕುಬಿಟ್ಟರು. "ಇಷ್ಟು ವರ್ಷದಿಂದ ಇದೇ ತಾರಸೀಲಿ ಓಡಾಡ್ತಿದೀನಿ, ನನಗೆ ಕಾಣದ್ದು ನಿನಗೆ ಕಾಣ್ತಾ?" ಅಂದಿನಿಂದ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ, "ಅದೂ ನಿನ್ನ ಉಲ್ಕೆ ಥರಾನೇನಾ?" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಲ್ಕೆಯನ್ನು ಟಿವಿಯಲ್ಲೇ ತೋರಿಸಿ ಅವರ ಬಾಯಿ ಮುಚ್ಚಿಸಬೇಕೆಂದು ಹಟ ಹಿಡಿದೆ.

ಧನುರ್ಮಾಸ ಬಂತು. ಮದುವೆಗಳಿಲ್ಲದೆ ಕ್ಯಾಮೆರಾ ಸುಮ್ಮನೆ ಕೂತಿತ್ತು. ಯಜಮಾನರನ್ನು ಪೂಸಿ ಹೊಡೆದು ಒಪ್ಪಿಸಿ, ತಾರಸಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಆಕಾಶಕ್ಕೆ ಗುರಿಯಿಟ್ಟೆವು. ಆದರೆ ಕೆಳಗೆ ಪವರ್‌ಲೂಮ್ ಓಡುತ್ತಿದ್ದರೆ ತಾರಸಿ ಗಡಗಡ ನಡುಗುತ್ತದೆ. ಟೇಪ್ ಹಾಕಿ ನೋಡಿದರೆ ನಕ್ಷತ್ರಗಳೆಲ್ಲ ಕುಣಿಯುತ್ತಿದ್ದವು.

"ಒಂದಲ್ಲ ಕಣೇ, ಎಲ್ಲಾ ಒಟ್ಟಿಗೇ ಬೀಳ್ತಾವೆ!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇನ್ನು ಮಗ್ಗ ನಿಂತಾಗಲೇ ಶೂಟಿಂಗ್ ಎಂದು ತೀರ್ಮಾನವಾಯಿತು. ಕರೆಂಟ್ ಹೋದರೆ ಇಡೀ ಬೀದಿ ಶಾಪ ಹಾಕುವ ಕಾಲದಲ್ಲಿ, ಕರೆಂಟ್ ಹೋಗಲಿ ಎಂದು ಗಣಪತಿಗೆ ಕೈಮುಗಿದವಳು ನಾನೊಬ್ಬಳೇ. ದೇವರು ಬೇಗ ಕಣ್ಣುಬಿಟ್ಟ. ಬೀದಿಯೆಲ್ಲ ಕತ್ತಲಾಗಿ, ಮಗ್ಗಗಳು ನಿಂತವು. ನಾವು ಮೇಲೆ ಹತ್ತಿದೆವು. ತಮಾಷೆ ನೋಡಲು ಅತ್ತೆಯೂ ಶಾಲು ಹೊದ್ದು ಬಂದರು.

ಕ್ಯಾಮೆರಾ ಒಂದು ಕಡೆ ನೋಡುತ್ತಿದ್ದರೆ ಇನ್ನೊಂದು ಕಡೆಯಿಂದ ದೊಡ್ಡ ಉಲ್ಕೆಯೊಂದು ಉರಿಯುತ್ತಾ ಹೊರಟಿತು. ಮೊದಲು ಕಂಡವರು ಅತ್ತೆ, ಆಮೇಲೆ ನಾನು. "ಅಯ್ಯಯ್ಯೋ, ಬಿತ್ತು ಕಣೋ, ಬಿತ್ತು!" ಎಂದು ಕಿರುಚಿದರು. ಮದುವೆ ಮನೆಯಲ್ಲಿ ಯಾರು ಕೂಗಿದರೂ ಕ್ಯಾಮೆರಾದ ಬ್ಯಾಟರಿ ಲೈಟ್ ಹಾಕಿ ಅವರ ಮುಖಕ್ಕೆ ಕ್ಯಾಮೆರಾ ತಿರುಗಿಸುವುದು ನಮ್ಮ ಯಜಮಾನರ ಅಭ್ಯಾಸ. ಆ ಕ್ಷಣದಲ್ಲೂ ಅದನ್ನೇ ಮಾಡಿದರು.

ಹೀಗಾಗಿ ಟೇಪಿನಲ್ಲಿ ಉಲ್ಕೆಯಿಲ್ಲ. ಬಾಯಿ ತೆರೆದ ಅತ್ತೆ, ಅವರ ಶಾಲು, ಮೇಲಕ್ಕೆತ್ತಿದ ಬೆರಳು ಇಷ್ಟೇ. ಆದರೂ ಮನೆಗೆ ಬಂದವರಿಗೆಲ್ಲ ಅತ್ತೆ ಆ ಟೇಪ್ ಹಾಕಿಸುತ್ತಿದ್ದರು.

"ಉಲ್ಕೆ ಎಲ್ಲಮ್ಮಾ? ಕನಸು ಗಿನಸು ಬಿತ್ತಾ?" ಎಂದು ಅವರು ನಕ್ಕರೆ ಅತ್ತೆಗೆ ಅಳು ಬರುವಂತಾಗುತ್ತಿತ್ತು.

"ಬೇಕಾದ್ರೆ ನಮ್ ಸೊಸೇನ ಕೇಳ್ರಿ, ಅವಳೂ ನೋಡವಳೆ. ಹೇಳೇ!"

ಎಲ್ಲರೂ ನನ್ನತ್ತ ತಿರುಗುವರು. "ತಡೀರಿ, ಹಾಲು ಉಕ್ತಾ ಇದೆ," ಎಂದು ನಾನು ಅಡುಗೆಮನೆಗೆ ಹೋಗಿ, ಖಾಲಿ ಒಲೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ. ಅತ್ತೆ ಇನ್ನೊಂದು ಸಲ ಕೂಗುವವರೆಗೂ ಬರುತ್ತಿರಲಿಲ್ಲ.