ಹುಲ್ಲು ಅಳೆಯುವವರ ಮನೆಯ ಹುಲ್ಲು

ನಮ್ಮ ಯಜಮಾನರು ಹಲ್ವಾರ್ದುರ್, ಈ ಕಣಿವೆಗೆ ಪಂಚಾಯ್ತಿ ನೇಮಿಸಿದ ಹುಲ್ಲು ತಪಾಸಣೆಯವರು. ಉತ್ತರ ಐಸ್‌ಲ್ಯಾಂಡಿನ ಈ ಮೂಲೆಯಲ್ಲಿ ಹಸುಗಳು ಎಂಟು ತಿಂಗಳು ಕೊಟ್ಟಿಗೆ ಬಿಟ್ಟು ಕದಲುವುದಿಲ್ಲ. ಅಕ್ಟೋಬರ್ ಬಂತೆಂದರೆ ಇವರು ಅಳತೆ ಕೋಲು ಹಿಡಿದು ಮನೆಮನೆಗೆ ಹೋಗುತ್ತಾರೆ. ಒಣಹುಲ್ಲಿನ ಮೆದೆಗೆ ಕೋಲು ಚುಚ್ಚಿ, ಹಸುವೊಂದಕ್ಕೆ ನಲವತ್ತು ಹೊರೆ ಎಂದು ಲೆಕ್ಕ ಹಾಕಿ, ಸಾಲದಿದ್ದರೆ ಮುಲಾಜಿಲ್ಲದೆ ಹೇಳುತ್ತಾರೆ: "ಎರಡು ಹಸು ಹೆಚ್ಚಾಯ್ತು. ಹಿಮ ಬೀಳೋ ಮೊದ್ಲೇ ಕಡಿಸಿಬಿಡಿ."

ನಮ್ಮ ಐದು ಹಸುಗಳ ಮೆದೆಗೆ ಮಾತ್ರ ಆ ಕೋಲು ತಾಗುವುದಿಲ್ಲ! ಆಗಸ್ಟಿನಲ್ಲಿ ಹುಲ್ಲುಮನೆ ತುಂಬಿದ ದಿನ ಹುಲ್ಲು ತೊಲೆಯವರೆಗೆ ಉಬ್ಬಿ ನಿಂತದ್ದನ್ನು ನೋಡಿ "ಐದಕ್ಕೂ ಧಾರಾಳ" ಎಂದುಬಿಟ್ಟರು. ಹುಲ್ಲು ಕುಸಿಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವರೇ ಇವರು. ಹೋದ ವರ್ಷವೂ ಇದೇ ಹಣೆಬರಹ. ಏಪ್ರಿಲ್‌ನಲ್ಲಿ ಹುಲ್ಲು ಮುಗಿದು, ಹಸುಗಳಿಗೆ ಒಣಮೀನಿನ ತಲೆ ಬೇಯಿಸಿ ಹಾಕಿದೆವು. ಏಳಲಾರದ ಹಸುಗಳನ್ನು ದಿನಾ ಬೆಳಿಗ್ಗೆ ಬಾಲ ಹಿಡಿದು ಎತ್ತಿದವಳು ನಾನು. ಏಳರಲ್ಲಿ ಎರಡು ಸತ್ತೇಹೋದವು.

ಈ ಸಲ ಮೆದೆ ಆಗಲೇ ಎದೆಮಟ್ಟಕ್ಕೆ ಇಳಿದಿತ್ತು.

"ರೀ, ಒಂದ್ಸಲ ಅಳೀರಿ."

"ನನ್ನ ಹುಲ್ಲು ನಂಗೆ ಗೊತ್ತಿಲ್ವೇನೇ?"

ಮೈಯೆಲ್ಲ ಉರಿಯಿತು. ಮರುದಿನ ತಪಾಸಣೆಗೆ ಹೊರಟವರಿಗೆ ಬಾಗಿಲಲ್ಲೇ ಅಡ್ಡ ನಿಂತು, ನೆಂಟರ ಬಟ್ಟಲಲ್ಲಿ ಕಾಫಿ ಕೊಟ್ಟೆ.

"ಬನ್ನಿ ಸಾಹೇಬ್ರೇ, ಈ ಮನೆಯಿಂದ್ಲೇ ಶುರು ಮಾಡಿ. ನಮ್ಮ ಯಜಮಾನ್ರು ಇಲ್ಲ, ನಾನೇ ತೋರಿಸ್ತೀನಿ."

"ಏನೇ ಇದು ನಾಟಕ?"

"ಅಳೀದೆ ಹೋದ್ರೆ ಆ ಕೋಲು ಒಲೆಗೆ ಹೋಗತ್ತೆ, ನೋಡಿ!"

ಗೊಣಗುತ್ತಾ ಹೋದರು. ಎಷ್ಟೋ ಹೊತ್ತು ಬರಲಿಲ್ಲ. ಬಂದಾಗ ಮುಖದಲ್ಲಿ ಕಳೆಯೇ ಇರಲಿಲ್ಲ.

"ನೂರಾ ಅರವತ್ತು ಹೊರೆ. ಒಂದು ಹಸು ಹೆಚ್ಚಾಯ್ತಮ್ಮ," ಎಂದರು, ಬೇರೆಯವರ ಮನೆಯಲ್ಲಿ ಹೇಳುವ ಹಾಗೆಯೇ.

ಅಬ್ಬಾ, ಕೊನೆಗೂ! "ಯಾವ್ದು?" ಎಂದೆ.

"ಎಷ್ಟು ಅಂತ ಹೇಳೋದಷ್ಟೇ ತಪಾಸಣೆಯವನ ಕೆಲ್ಸ. ಯಾವ್ದು ಅಂತ ನಿಮ್ಮ ಯಜಮಾನ್ರನ್ನ ಕೇಳಿ."

ಅಷ್ಟು ಹೇಳಿ ಪಕ್ಕದ ಮನೆಯತ್ತ ನಡೆದೇಬಿಟ್ಟರು. ಕೂಗಿದರೂ ತಿರುಗಲಿಲ್ಲ. ಥೂ, ಏನು ಗಂಡಸೋ!

ಐದರಲ್ಲಿ ಮುದಿ ಹಸು ಹುಪ್ಪಾ. ಹನ್ನೊಂದು ವರ್ಷ ನನ್ನ ಕೈಗೆ ಹಾಲು ಕೊಟ್ಟವಳು. ಸಂಜೆ ಯಜಮಾನರಾಗಿ ಮನೆಗೆ ಬಂದವರು ಮತ್ತೆ "ಐದಕ್ಕೂ ಧಾರಾಳ" ಎಂದಾರು ಎಂಬ ಭಯಕ್ಕೆ, ಅಳುತ್ತಲೇ ಅವಳ ಕೊರಳಿಗೆ ಹಗ್ಗ ಹಾಕಿ ಕಡಿಸಲು ನಾನೇ ಹೊರಗೆ ಕರೆತಂದೆ.