ಹುಣಸೆ ಬೀಜಕ್ಕೆ ಸೊನ್ನೆ

ಕಕ್ಕಿಂಜೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸರಸ ಟೀಚರಿಗೆ ಹತ್ತೊಂಬತ್ತು ವರ್ಷದಿಂದ ಒಂದೇ ಜಗಳ. ಅದು ‘ಅರ್ಧ’ ಎಂಬ ಉತ್ತರದ ಜೊತೆ.

"ಇವತ್ತು ಘಾಟಿಯಲ್ಲಿ ಗುಡ್ಡ ಜರಿಯುವ ಸಂಭವ ಎಷ್ಟು?"

"ಅರ್ಧ ಟೀಚರ್," ಎಂದ ತರುಣ್. "ಜರಿಯುತ್ತದೆ, ಇಲ್ಲದಿದ್ರೆ ಇಲ್ಲ. ಎರಡೇ ಅಲ್ವಾ?"

"ನೀನು ನೂರಕ್ಕೆ ನೂರು ತೆಗೆಯುವ ಸಂಭವ?"

"ಅದೂ ಅರ್ಧ."

ಕ್ಲಾಸು ಗೊಳ್ಳೆಂದಿತು. "ಎರಡು ಉಂಟು ಅಂದ ಕೂಡಲೇ ಅರ್ಧ ಆಗುವುದಿಲ್ಲ ಮಾರಾಯ! ಎರಡಕ್ಕೂ ಸಮ ಅವಕಾಶ ಬೇಕು!" ಟೀಚರ ಕೈಯ ಚಾಕ್‌ಪೀಸು ಮುರಿದೇ ಹೋಯಿತು.

ಶನಿವಾರ ಮೂಡುಬಿದಿರೆಯಲ್ಲಿ ನಡೆಯುವ ಗಣಿತ ಮೇಳಕ್ಕೆ ಶಾಲೆಯಿಂದ ಒಬ್ಬರನ್ನು ಕಳಿಸಬೇಕಿತ್ತು. ಟೀಚರ್ ಒಂದು ಪರೀಕ್ಷೆ ಇಟ್ಟರು. ಪುಸ್ತಕದ ನಾಣ್ಯದ ಲೆಕ್ಕ ಸಾಕಾಗಿಹೋಗಿತ್ತು. ಊರಿನದ್ದೇ ಒಂದಿರಲಿ ಎಂದು ಕೇಳಿದರು: ಎರಡಾಗಿ ಸೀಳಿದ ಹುಣಸೆ ಬೀಜದ ಹೋಳನ್ನು ಎಸೆದರೆ ಒಳಗಿನ ಬಿಳಿ ಬದಿ ಮೇಲಾಗಿ ಬೀಳುವ ಸಂಭವವೆಷ್ಟು? ಎರಡು ಅಂಕ. ಮೂವತ್ತೇಳು ಮಕ್ಕಳು ಅರ್ಧ ಎಂದು ಬರೆದರು. ಜಸ್ನಾ ಮಾತ್ರ ‘ಸುಮಾರು ಮೂರರಲ್ಲಿ ಒಂದು’ ಎಂದಿದ್ದಳು. ಟೀಚರ್ ಬರೆದಿಟ್ಟ ಉತ್ತರವೂ ಅರ್ಧವೇ; ಜಸ್ನಾಳಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದರು. ಒಂದೇ ಅಂಕದಿಂದ ತರುಣ್ ಮುಂದಾದ. ಅವನ ಹೆಸರು ಮೂಡುಬಿದಿರೆಗೆ ಹೋಯಿತು.

ಮರುದಿನ ಜಸ್ನಾ ಸ್ಟಾಫ್‌ರೂಮಿಗೆ ಬಂದು ಕಂಪಾಸ್ ಬಾಕ್ಸು ತೆರೆದಳು. ಒಳಗೆ ಹುಣಸೆ ಬೀಜದ ಹೋಳುಗಳು.

"ಇದು ಎಂತದ್ದು?"

"ಅಜ್ಜಿಯ ಜೊತೆ ಆಡುವುದು ಟೀಚರ್. ಬಿಳಿ ಬೀಳುವುದು ಕಡಿಮೆ. ಹಾಗಾಗಿ ಬಿಳಿ ಬಿದ್ದರೆ ಕಾಯಿಯನ್ನು ಹೆಚ್ಚು ಮನೆ ನಡೆಸ್ತೇವೆ."

"ಎರಡು ಮುಖ ಅಲ್ವಾ ಇರುವುದು?"

"ಎರಡು ಉಂಟು ಅಂದ ಕೂಡಲೇ ಅರ್ಧ ಅಲ್ಲ ಅಂತ ಬೈದದ್ದು ನೀವೇ ಅಲ್ವಾ?"

ಟೀಚರಿಗೆ ಮೈಯೆಲ್ಲ ಉರಿಯಿತು. ಹುಡುಗಿಯ ಮೇಲೋ ತನ್ನ ಮೇಲೋ, ಅವರಿಗೇ ತಿಳಿಯಲಿಲ್ಲ. ಎಸೆದರು. ಅರುವತ್ತು ಸಲ ಎಸೆದರು. ಬಿಳಿ ಬಿದ್ದದ್ದು ಹತ್ತೊಂಬತ್ತು.

ಹೆಸರು ಬದಲಿಸಲೆಂದು ಕೂಡಲೇ ಮೇಳದವರಿಗೆ ಫೋನು ಹಚ್ಚಿದರು.

"ಹೆಸರು ಲಾಕ್ ಆಯ್ತಲ್ಲ ಟೀಚರ್," ಎಂದಿತು ಆ ಕಡೆಯ ದನಿ. "ಹುಡುಗನಿಗೆ ಜ್ವರವಾ? ಡಾಕ್ಟರ ಚೀಟಿ ಉಂಟಾದರೆ ನೋಡುವ."

"ಅವನಿಗೆ ಎಂತ ಆಗಲಿಲ್ಲ ಮಾರಾಯ್ರೇ. ತಪ್ಪು ನನ್ನದು. ಪ್ರಶ್ನೆ ತೆಗೆದವಳದ್ದು."

"ಅದಕ್ಕೆ ಇಲ್ಲಿ ಕಾಲಂ ಇಲ್ಲ."

ಟೀಚರ್ ಫೋನನ್ನು ಮೇಜಿಗೆ ಕುಕ್ಕಿದರು. ಮುಂದಿನ ವರ್ಷ ನಿನ್ನನ್ನೇ ಕಳಿಸುವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಡುಗಿ ಹತ್ತನೇ ತರಗತಿ. ಮುಂದಿನ ವರ್ಷ ಇಲ್ಲಿರುವುದೇ ಇಲ್ಲ. ಮಾತನ್ನು ನುಂಗಿಕೊಂಡು ಅವಳ ಪೇಪರಿನ ಸೊನ್ನೆಯನ್ನು ಹೊಡೆದುಹಾಕಿ ಎರಡು ಮಾಡಿ ಸಹಿ ಹಾಕಿದರು.

"ಈಗ ನಾನು ಫಸ್ಟಾ ಟೀಚರ್?"

"ಹೌದು."

"ಹಾಗಾದರೆ ಶನಿವಾರ ಹೋಗುವುದು ಯಾರು?"

"ತರುಣ್."

ಜಸ್ನಾ ಹೋಳುಗಳನ್ನು ಒಂದೊಂದಾಗಿ ಆಯ್ದು ಬಾಕ್ಸಿಗೆ ಹಾಕಿದಳು, ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು.